ಎಳೆದಿಟ್ಟ ಸ್ಪ್ರಿಂಗ್

ಜೂನ್ 3, ಭಾನುವಾರ

ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳ ರಿಪೇರಿ ಬರೆದಿಡಲು ಕೊಡುವ ಪುಸ್ತಕ ಇದು. ಒಂದು ಹೆಚ್ಚಿಗೆ ಬಿದ್ದಿತ್ತು, ಮನೆಗೆ ತಂದೆ. ಪ್ರತಿ ಪುಟದ ತಲೆಯಲ್ಲೂ ನಾಲ್ಕು ಸಾಲು ಅಚ್ಚಾಗಿದೆ. ತುಂಬಿಸಿಯೇ ಶುರು ಮಾಡುತ್ತೇನೆ.

ಯಂತ್ರ: ಸ್ಪ್ರಿಂಗ್ ಏರ್‌ರೈಫಲ್, ಪ್ರತಿ ಗುಂಡಿಗೂ ಮೊದಲು ನಳಿಕೆ ಮಡಚಿ ಸ್ಪ್ರಿಂಗ್ ಎಳೆಯುವಂಥದ್ದು.
ಯಾರದು: ಹೆಂಡತಿಯದು.
ದೋಷ: ಗುಂಡುಗಳು ಚದುರುತ್ತಿವೆ.
ಮಾಡಿದ ಕೆಲಸ: ಇನ್ನೂ ಇಲ್ಲ.

ಹನ್ನೊಂದು ವರ್ಷ ಸತತವಾಗಿ ಕ್ಲಬ್ಬಿನ ವಾರ್ಷಿಕ ಸ್ಪರ್ಧೆ ಗೆದ್ದವಳು ಇವಳು. ಹತ್ತು ಮೀಟರ್ ದೂರದಲ್ಲಿ ಗುರಿಯ ಕಾರ್ಡು, ನಟ್ಟನಡುವೆ ಬಿದ್ದರೆ ಹತ್ತು ಅಂಕ, ನಿಂತು ನಲವತ್ತು ಗುಂಡು. ನಕ್ಷೆ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಗೆರೆ ಎಳೆದ ಕೈ. ಸ್ಕೇಲ್ ಇಲ್ಲದೆ ಎಳೆದರೂ ನೆಟ್ಟಗೆ. ನಾನು ಮಾತ್ರ ಒಂದು ದಿನವೂ ಕಾರ್ಡಿಗೆ ಹೊಡೆದವನಲ್ಲ. ನನ್ನದು ಬಿಚ್ಚುವ, ಗ್ರೀಸ್ ಹಚ್ಚುವ, ಮತ್ತೆ ಜೋಡಿಸುವ ಕೆಲಸ. ಪರೀಕ್ಷೆಗೆಂದು ಮರಳು ತುಂಬಿದ ಡಬ್ಬಕ್ಕೆ ಎರಡು ಗುಂಡು ಹೊಡೆಯುತ್ತೇನೆ, ಅಷ್ಟೇ. ಡಬ್ಬಕ್ಕೆ ಗುರಿ ತಪ್ಪುವವನು ಇನ್ನೂ ಹುಟ್ಟಿಲ್ಲ.

ಇವತ್ತು ಕ್ಲಬ್ಬಿನಲ್ಲಿ ಇವಳ ಕಾರ್ಡ್ ನೋಡಿ ನನಗೇ ನಾಚಿಕೆಯಾಯಿತು. ಎಂಟು, ಏಳು, ಒಂದು ಐದು ಕೂಡ. ಕ್ಲಬ್ಬಿನ ಕಾರ್ಯದರ್ಶಿಯನ್ನು ಎಲ್ಲರೂ ಮೀಸೆ ಎಂದೇ ಕರೆಯುವುದು, ಮುಖದಲ್ಲಿ ಬೇರೇನೂ ಕಾಣುವುದಿಲ್ಲ. ಅವನು ಹತ್ತಿರ ಬಂದು, "ಏನಮ್ಮ, ಸ್ಪ್ರಿಂಗಿಗೆ ವಯಸ್ಸಾಯ್ತಾ?" ಎಂದ.

"ಸ್ಪ್ರಿಂಗೇ ಇರಬೇಕು," ಎಂದಳು ಇವಳು, ನನ್ನ ಕಡೆ ನೋಡದೆ.

ಮನೆಗೆ ಬಂದು ನಳಿಕೆಯ ತುದಿಗೆ ಕೊಕ್ಕೆ ತಕ್ಕಡಿ ಸಿಕ್ಕಿಸಿ ಎಳೆದು ನೋಡಿದೆ. ಹನ್ನೊಂದು ಕೆಜಿ. ಹೊಸದಿದ್ದಾಗ ಹದಿಮೂರು ಇತ್ತು. ಸಿಕ್ಕಿಬಿದ್ದ ಕಳ್ಳ! ಸ್ಪರ್ಧೆ ಸೆಪ್ಟೆಂಬರ್ 30ಕ್ಕೆ. ಬೇಕಾದಷ್ಟು ಸಮಯವಿದೆ.

ಜೂನ್ 10, ಭಾನುವಾರ

ದೋಷ: ಸ್ಪ್ರಿಂಗ್ ದಣಿದಿದೆ.
ಮಾಡಿದ ಕೆಲಸ: ಹೊಸ ಸ್ಪ್ರಿಂಗ್, ಹದಿನಾಲ್ಕು ಕೆಜಿ.

"ಹತ್ತು ಮೀಟರಿಗೆ ಇಷ್ಟೊಂದು ಜೋರು ಯಾಕ್ರೀ?" ಎಂದಳು. ಕೂರಿಸಿ ಪಾಠ ಮಾಡಿದೆ. ಟ್ರಿಗರ್ ಒತ್ತಿದ ಮೇಲೆ ಗುಂಡು ನಳಿಕೆ ಬಿಡುವಷ್ಟರಲ್ಲಿ ಕೈ ಒಂದಿಷ್ಟು ಅಲುಗಿದರೆ ಗುರಿ ಕೆಡುತ್ತದೆ. ಗುಂಡು ಬೇಗ ಹೊರಬಿದ್ದರೆ ಕೈಗೆ ಕೆಡಿಸಲು ಸಮಯವೇ ಸಿಗುವುದಿಲ್ಲ. ಪೂರ್ತಿ ಕೇಳಿಸಿಕೊಂಡಳು. ಸಾಮಾನ್ಯವಾಗಿ ನನ್ನ ಪಾಠ ಅರ್ಧಕ್ಕೇ ನಿಲ್ಲಿಸುವವಳು.

"ಎಳೆದು ನೋಡು," ಎಂದು ಕೊಟ್ಟೆ. ಒಲೆ ಮೇಲೆ ಹಾಲಿದೆ ಎಂದು ಒಳಗೆ ಹೋದಳು.

ಜೂನ್ 24, ಭಾನುವಾರ

ತಲೆ ಕೆಟ್ಟು ಹೋಗಿದೆ. ಹದಿನಾಲ್ಕು ಇದ್ದದ್ದು ಎರಡೇ ವಾರದಲ್ಲಿ ಹನ್ನೆರಡೂವರೆ. ಸ್ಪ್ರಿಂಗ್ ಕೊಟ್ಟ ಅಂಗಡಿಯವನಿಗೆ ಹೋಗಿ ಬಾಯಿಗೆ ಬಂದಂತೆ ಬೈದೆ. "ಎಳೆದು ಹಾಗೇ ಇಟ್ಟಿದ್ರೇನೋ ಸಾರ್? ಎಳೆದಿಟ್ರೆ ಎಂಥ ಸ್ಪ್ರಿಂಗೂ ಸುಸ್ತಾಗತ್ತೆ," ಎಂದ. ಮೂವತ್ತು ವರ್ಷ ಯಂತ್ರದ ಹೊಟ್ಟೆಯೊಳಗೆ ಕೈ ಹಾಕಿದವನಿಗೆ ಈ ಮಾತು! ಎಳೆದ ರೈಫಲ್ಲನ್ನು ಹೊಡೆಯದೆ ಕೆಳಗಿಡುವುದು ನಮ್ಮ ಮನೆಯಲ್ಲಿ ಹಲ್ಲುಜ್ಜದೆ ಊಟಕ್ಕೆ ಕೂತ ಹಾಗೆ. ಅವನ ಮುಂದೆ ಹಳೆಯ ಸ್ಪ್ರಿಂಗ್ ಬಿಸಾಕಿ ಬಂದೆ.

ಕ್ಲಬ್ಬಿನಲ್ಲಿ ಇಪ್ಪತ್ತೇ ಗುಂಡು ಹೊಡೆದಳಂತೆ. ನಾನು ನೋಡಲಿಲ್ಲ. "ನೀವು ಎದುರಿಗೆ ನಿಂತ್ರೆ ಕೈ ನಡುಗತ್ತೆ, ಹೊರಗೆ ಹೋಗಿ ಟೀ ಕುಡೀರಿ" ಎಂದು ಅಟ್ಟಿದಳು.

ಜುಲೈ 1, ಭಾನುವಾರ

ದೋಷ: ಇರುವ ಕಡೆಯೆಲ್ಲ ಹುಡುಕಿದ್ದಾಯಿತು.
ಮಾಡಿದ ಕೆಲಸ: ಪಿಸ್ಟನ್ ವಾಷರ್ ಹೊಸದು. ಮರದ ಮೈಯ ಸ್ಕ್ರೂ ಬಿಗಿ ಮಾಡಿದೆ. ಹಳೆ ಗ್ರೀಸ್ ತೆಗೆದು ಹೊಸದು. ಅದೇ ಅಂಗಡಿಯಿಂದ ಇನ್ನೊಂದು ಸ್ಪ್ರಿಂಗ್ (ಮಾತು ಬಿಟ್ಟಿದ್ದೇವೆ, ಬೆರಳು ತೋರಿಸಿ ಕೊಂಡೆ).

ನಾದಿನಿ ಬಂದಿದ್ದಳು. ಎರಡು ಬೀದಿ ಆಚೆ ಔಷಧಿ ಅಂಗಡಿಯಲ್ಲಿ ಕೆಲಸ ಅವಳಿಗೆ; ಎಲ್ಲರಲ್ಲೂ ಕಾಯಿಲೆ ಕಾಣುತ್ತದೆ. ಹೊರಡುವಾಗ ಬಾಗಿಲ ಬಳಿ ನಿಂತು, "ಭಾವ, ಅಕ್ಕ ಲೋಟಾನ ಎರಡೂ ಕೈಲಿ ಹಿಡಿಯೋದು ಯಾವಾಗಿಂದ?" ಎಂದಳು.

"ಟೀ ಬಿಸಿ ಇರತ್ತಮ್ಮ."

"ನೀರು ಕುಡೀತಿದ್ಲು ಭಾವ."

ಮಾಡಲು ಬೇರೆ ಕೆಲಸವಿಲ್ಲ ಇವರಿಗೆ. ನನ್ನ ಕೈಯೆಲ್ಲ ಗ್ರೀಸ್ ಇತ್ತು, ಬಾಗಿಲು ಹಾಕಲೂ ಆಗಲಿಲ್ಲ.

ಜುಲೈ 15, ಭಾನುವಾರ

ಈ ರೈಫಲ್ಲಿಗೇ ದೃಷ್ಟಿಯಾಗಿದೆ, ಬೇರೆಯದನ್ನೇ ನೋಡೋಣ ಎಂದು ನಿವೃತ್ತ ಡ್ರಿಲ್ ಮೇಷ್ಟ್ರ ಮನೆಯಿಂದ ಒಂದನ್ನು ತಂದೆ. ಪಕ್ಕದಲ್ಲಿ ಸನ್ನೆಕೋಲು ಇರುವ ಜಾತಿ. ನಳಿಕೆ ಮಡಚುವಂತಿಲ್ಲ, ಅದು ಅಲುಗದೆ ನೆಟ್ಟಗೆ ಕೂತಿರುತ್ತದೆ. ಸ್ಪ್ರಿಂಗ್ ಒದ್ದಾಗ ಇಡೀ ಮೈ ಒಂದು ಹಳಿಯ ಮೇಲೆ ಹಿಂದಕ್ಕೆ ಸರಿಯುತ್ತದೆ, ಭುಜಕ್ಕೆ ಏನೂ ತಾಗುವುದಿಲ್ಲ. ಆಹಾ, ಎಂಥ ಕೆಲಸಗಾರನೋ ಮಾಡಿದವನು! ಐದು ಕೆಜಿ ತೂಕ, ನಿಜ. ಆದರೆ ಭಾರವಿದ್ದಷ್ಟೂ ಅಲುಗುವುದಿಲ್ಲ.

ಭುಜಕ್ಕೇರಿಸಿದಳು. ಎರಡು ಉಸಿರೂ ಎಳೆಯಲಿಲ್ಲ, ಇಳಿಸಿಬಿಟ್ಟಳು.

"ಟ್ರಿಗರ್ ಚೆನ್ನಾಗಿಲ್ಲ."

"ಟ್ರಿಗರ್ ಮುಟ್ಟಲೇ ಇಲ್ವಲ್ಲ ನೀನು!"

"ನೋಡಿದ್ರೆ ಗೊತ್ತಾಗತ್ತೆ."

ಮೈ ಉರಿದುಹೋಯಿತು. ಮೇಷ್ಟ್ರಿಗೆ ಯಾವ ಮುಖ ಇಟ್ಟುಕೊಂಡು ವಾಪಸ್ ಕೊಡುವುದು? ಹನ್ನೊಂದು ಸಲ ಗೆದ್ದವರಿಗೆಲ್ಲ ಹೀಗೆ ಜಂಬ ಬರುತ್ತದೋ ಏನೋ. ರಾತ್ರಿ ಊಟಕ್ಕೆ ಗಂಜಿ ಮಾಡಿದ್ದಳು, ಮೂರನೇ ದಿನ. ಹೆಚ್ಚುವುದು ಕಷ್ಟವಂತೆ, ಚಾಕು ಮೊಂಡಂತೆ. ಚಾಕು ಮಸೆದುಕೊಟ್ಟೆ.

ಜುಲೈ 29, ಭಾನುವಾರ

ಮಾಡಿದ ಕೆಲಸ: ಹೊರದೇಶದ ಸ್ಪ್ರಿಂಗ್. ಹದಿನಾರು ಕೆಜಿ! ಇದು ಜಪ್ಪಯ್ಯ ಅಂದರೂ ಬಗ್ಗುವುದಿಲ್ಲ.

ಕಾರ್ಡಿನ ಮೇಲೆ ಅಂಕ ಬರೆದುಕೊಳ್ಳುತ್ತಾಳಲ್ಲ, ಅದನ್ನು ನೋಡಿ ನಗು ಬಂತು. ನಕ್ಷೆ ಬರೆದವಳ ಏಳು ಒಂದು ಕಡೆ ಬಿದ್ದಿದೆ, ಎಂಟು ಒಡೆದುಹೋಗಿದೆ. "ಏನೇ ಇದು, ಕೋಳಿ ಕೆದರಿದ ಹಾಗೆ?" ಎಂದೆ. ಅವಳೂ ನಕ್ಕಳು. ಅವಳು ನಕ್ಕದ್ದು ಬಹಳ ದಿನದ ಮೇಲೆ.

ಆಗಸ್ಟ್ 8, ಬುಧವಾರ

ಕಾರ್ಖಾನೆಯಲ್ಲಿ ಕರೆಂಟ್ ಹೋಗಿ ಹನ್ನೆರಡಕ್ಕೇ ಮನೆಗೆ ಕಳಿಸಿದರು. ಇವಳು ಮಲಗಿದ್ದಳು. ಬಟ್ಟೆ ಬದಲಾಯಿಸಲು ಬೀರು ತೆಗೆದೆ. ನೇತುಹಾಕಿದ ಬಟ್ಟೆಗಳ ಹಿಂದೆ ರೈಫಲ್ ನಿಂತಿತ್ತು. ಟ್ರಿಗರಿನ ಹಿಂದಿನ ಪಿನ್ನು ಹೊರಗೆ ಬಂದಿತ್ತು. ಎಳೆದಿಟ್ಟಿದೆ!

ಕಿರುಚಿದೆನೆಂದು ಕಾಣುತ್ತದೆ, ಎದ್ದು ಕೂತಳು.

"ಯಾವಾಗ ಎಳೆದಿಟ್ಟಿದ್ದು ಇದನ್ನ?"

"ಸೋಮವಾರ."

"ಸೋಮವಾರಾನಾ? ಎಳೆದಿಟ್ರೆ ಸ್ಪ್ರಿಂಗ್ ಸತ್ತೋಗತ್ತೆ ಅಂತ ಗೊತ್ತಿಲ್ವೇನೇ ನಿಂಗೆ?"

"ಗೊತ್ತು. ಸಾಯ್ಲಿ ಅಂತಾನೇ ಇಟ್ಟಿದ್ದು."

ಆಮೇಲೆ ಹೇಳಿದಳು. ಪ್ರತಿ ಸೋಮವಾರ ನಾನು ಕೆಲಸಕ್ಕೆ ಹೋದ ಮೇಲೆ ನಳಿಕೆಯ ತುದಿಯನ್ನು ಮಂಚದ ಕಾಲಿಗೆ ಕೊಟ್ಟು, ಮೈಭಾರವನ್ನೆಲ್ಲ ಹಾಕಿ ಒಂದು ಸಲ ಎಳೆಯುತ್ತಾಳೆ. ಒಂದೇ ಸಲ, ಅಷ್ಟೇ ಸಾಧ್ಯ. ಶನಿವಾರದವರೆಗೆ ಬಟ್ಟೆಯ ಹಿಂದೆ ಇಟ್ಟು, ನಾನು ಬರುವ ಮುಂಚೆ ಮರಳಿನ ಡಬ್ಬಕ್ಕೆ ಹೊಡೆದು ಬಿಡಿಸುತ್ತಾಳೆ. ಭಾನುವಾರ ನಾನು ತಕ್ಕಡಿ ಹಿಡಿದು ಬರುತ್ತೇನೆ. ಸ್ಪ್ರಿಂಗ್ ಮೆತ್ತಗಾದರೆ ಕ್ಲಬ್ಬಿನಲ್ಲಿ ನಾಲ್ಕೈದು ಸಲವಾದರೂ ಎಳೆಯಬಹುದೆಂಬ ಆಸೆಯಂತೆ; ಇಪ್ಪತ್ತು ಹೊಡೆದೆ ಎಂದದ್ದು ಸುಳ್ಳಂತೆ. ಮಾರ್ಚಿನಿಂದ ಬಲಗೈಯಲ್ಲಿ ಶಕ್ತಿ ಇಲ್ಲವಂತೆ. ಈಗ ಎಡಗೈಯೂ ಹಾಗೇ ಆಗುತ್ತಿದೆಯಂತೆ.

"ಹೇಳಬಾರದಿತ್ತಾ?" ಎಂದೆ.

"ಪ್ರತಿ ಸಲ ಹೊಸ ಸ್ಪ್ರಿಂಗ್ ತಂದು ಎಷ್ಟು ಖುಷಿಯಾಗಿ ಹಾಕ್ತಿದ್ರಿ ನೀವು. ದೋಷ ಸ್ಪ್ರಿಂಗಿಂದೇ ಆಗಿದ್ರೆ ಎಷ್ಟು ಚೆನ್ನಾಗಿತ್ತು ಅಂತ ನನಗೂ ಅನ್ನಿಸ್ತಿತ್ತು ಕಣ್ರೀ."

ಹನ್ನೊಂದು ಕೆಜಿ ಎಳೆಯಲಾಗದವಳ ಕೈಗೆ ಹದಿನಾಲ್ಕು ಕೊಟ್ಟೆ. ಹದಿನಾಲ್ಕನ್ನು ಅವಳು ವಾರಗಟ್ಟಲೆ ಕೊಂದರೆ, ಹದಿನಾರು ತಂದುಕೊಟ್ಟೆ.

ಆಗಸ್ಟ್ 9, ಗುರುವಾರ

ಸ್ಪ್ರಿಂಗ್ ಅಂಗಡಿಗೆ ಹೋಗಿ ಬಂದೆ. ತಪ್ಪಾಯಿತು ಎಂದೆ. ಅವನು ಟೀ ತರಿಸಿದ. ಕುಡಿಯಲಾಗಲಿಲ್ಲ.

ಆಗಸ್ಟ್ 21, ಮಂಗಳವಾರ

ಮೂರು ಆಸ್ಪತ್ರೆ, ಸೂಜಿ, ತಂತಿ, ಏನೇನೋ ಕಾಗದ. ಎಲ್ಲ ಕಡೆ ನಾದಿನಿಯೇ ಮುಂದೆ ನಡೆದಳು. ಕೊನೆಗೆ ಇವತ್ತು ಡಾಕ್ಟರು ಹೇಳಿದರು. ಕೈಕಾಲಿಗೆ ಆಜ್ಞೆ ಕಳಿಸುವ ನರಗಳು ಒಂದೊಂದಾಗಿ ಕೆಲಸ ನಿಲ್ಲಿಸುತ್ತಿವೆ. ಮೊದಲು ಕೈ, ಆಮೇಲೆ ಉಳಿದದ್ದು. ನಿಲ್ಲಿಸುವ ಔಷಧಿ ಇಲ್ಲ.

"ಯಾವ ಭಾಗ ಬದಲಾಯಿಸಬೇಕು ಡಾಕ್ಟ್ರೇ?" ಎಂದು ಕೇಳಿದೆ. ಬಾಯಿಂದ ಹಾಗೇ ಬಂದುಬಿಟ್ಟಿತು. ಅವರು ನಗಲಿಲ್ಲ. ನಾದಿನಿ ಕಿಟಕಿಯ ಕಡೆ ತಿರುಗಿಕೊಂಡಳು.

ಬಸ್ಸಿನಲ್ಲಿ ಇವಳು, "ಸ್ಪರ್ಧೆಗೆ ಇನ್ನೆಷ್ಟು ದಿನ ರೀ?" ಎಂದಳು.

ಲೆಕ್ಕ ಹಾಕಿ, "ನಲವತ್ತು," ಎಂದೆ.

"ನಲವತ್ತು ದಿನ, ನಲವತ್ತು ಗುಂಡು. ಗೆಲ್ಲೋದು ಬೇಡ. ಒಂದು ಸಲ ಪೂರ್ತಿ ನಲವತ್ತು ಹೊಡೆದು ಮುಗಿಸ್ಬೇಕು. ಆಮೇಲೆ ಬಿಟ್ಬಿಡ್ತೀನಿ."

ನಮ್ಮ ಕ್ಲಬ್ಬಿನ ನಿಯಮ ಒಂದೇ: ತನ್ನ ರೈಫಲ್ ತಾನೇ ಎಳೆದು, ತಾನೇ ತುಂಬಿ, ತಾನೇ ಹೊಡೆಯಬೇಕು. ಹೊಡೆಯುವುದು ಸುಲಭ, ಎಳೆಯುವುದರಲ್ಲೇ ಎಲ್ಲ ಇರುವುದು. ನನ್ನಿಂದ ಆಗುವುದು ಅಷ್ಟನ್ನೇ ಹಗುರ ಮಾಡುವುದು.

ಸೆಪ್ಟೆಂಬರ್ 2, ಭಾನುವಾರ

ಬಿಚ್ಚಿಟ್ಟಿದ್ದ ಸ್ಪ್ರಿಂಗುಗಳಲ್ಲಿ ಒಂದನ್ನು ಮೂರು ಸುತ್ತು ಕತ್ತರಿಸಿ, ತುದಿ ಕೆಂಪಗೆ ಕಾಯಿಸಿ ಒತ್ತಿ ಸಮ ಮಾಡಿದೆ. ಏಳು ಕೆಜಿ. ನಳಿಕೆಯ ಮೂತಿಗೆ ಸಿಕ್ಕಿಸಿ ಎಳೆಯಲು ಒಂದು ಮೊಳ ಉದ್ದದ ಪೈಪು ಮಾಡಿದೆ. ಹಿಡಿ ಉದ್ದವಾದಷ್ಟೂ ಕೈಗೆ ಭಾರ ಕಮ್ಮಿ. ಮರದ ಮೈಯನ್ನು ಒಳಗಿನಿಂದ ಕೊರೆದು ಹಗುರ ಮಾಡಿದೆ. ಎಂಥ ಚಂದದ ಮರ. ಆದರೂ ಕೊರೆದೆ.

ಹದಿಮೂರು ಸಲ ಎಳೆದಳು. ನಾನು ಎದುರಿಗೇ ನಿಂತಿದ್ದೆ. ಹೊರಗೆ ಹೋಗಿ ಎನ್ನಲಿಲ್ಲ.

ಸೆಪ್ಟೆಂಬರ್ 16, ಭಾನುವಾರ

ಐದು ಕೆಜಿ. ಈಗ ಗುಂಡು ಟಪ್ ಎಂದು ಸೋಮಾರಿಯಾಗಿ ಹೋಗುತ್ತದೆ. ಆದರೂ ಒಂಬತ್ತು, ಒಂಬತ್ತು, ಹತ್ತು! ಸ್ಪ್ರಿಂಗ್ ಮೆತ್ತಗಾದಷ್ಟೂ ಒದೆತ ಕಮ್ಮಿಯಾಗಿ ಗುಂಡುಗಳು ಒಟ್ಟಿಗೆ ಬೀಳುತ್ತಿವೆ. ಜೂನಿನಲ್ಲಿ ನಾನು ಮಾಡಿದ ಪಾಠ ತಪ್ಪು. ಒಪ್ಪಿಕೊಂಡೆ.

"ಬರೆದುಕೊಡಿ," ಎಂದಳು. ಕಾರ್ಡಿನ ಹಿಂದೆ "ನಾನು ಹೇಳಿದ್ದು ತಪ್ಪು" ಎಂದು ಬರೆದು ಸಹಿ ಹಾಕಿಕೊಟ್ಟೆ. ಅದನ್ನು ಕನ್ನಡಿಗೆ ಅಂಟಿಸಲು ಹೇಳಿದಳು. ಅಂಟಿಸಿದವನೂ ನಾನೇ.

ಇಪ್ಪತ್ತೆರಡು ಸಲ ಎಳೆದಳು.

ಸೆಪ್ಟೆಂಬರ್ 30, ಭಾನುವಾರ

ನಾಲ್ಕು ಕೆಜಿ. ಇದಕ್ಕಿಂತ ಇಳಿಸಿದರೆ ಗುಂಡು ಕಾರ್ಡಿನವರೆಗೂ ಹೋಗುವುದಿಲ್ಲ.

ಹದಿನೇಳು ಗುಂಡು ಹೊಡೆದಳು. ಒಂದೊಂದಕ್ಕೂ ನಡುವೆ ಕುರ್ಚಿ ಹಿಡಿದು ನಿಂತಳು. ಹದಿನೆಂಟನೆಯದಕ್ಕೆ ಪೈಪು ಸಿಕ್ಕಿಸಿ ಎಳೆದಳು, ನಳಿಕೆ ಅರ್ಧಕ್ಕೆ ಬಂದು ವಾಪಸ್ ಹೋಯಿತು. ಇನ್ನೊಂದು ಸಲ. ಮತ್ತೊಂದು ಸಲ. ಇಡೀ ಹಾಲ್‌ನಲ್ಲಿ ಯಾರೂ ಹೊಡೆಯುತ್ತಿರಲಿಲ್ಲ. ನಾನು ಎದ್ದೆ. ಅವಳು ನೋಡಿದ ನೋಟಕ್ಕೆ ಅಲ್ಲೇ ಕೂತೆ.

ಮೀಸೆ ಹೋಗಿ ಪಕ್ಕದಲ್ಲಿ ನಿಂತ. "ಅಮ್ಮ, ನಿಯಮ ಬರೆದವನು ನಾನೇ. ಈಗಲೇ ಅಳಿಸ್ತೀನಿ. ಯಜಮಾನ್ರು ಎಳೆದುಕೊಡ್ಲಿ."

"ಬೇಡಿ. ಹನ್ನೊಂದು ವರ್ಷ ನಾನೇ ಎಳೆದಿದ್ದೀನಿ."

ಪೆನ್ನು ಕೇಳಿ, ಹದಿನೇಳು ಗುಂಡಿಗೆ ನೂರ ಐವತ್ತೊಂದು ಎಂದು ಬರೆದು, ಉಳಿದ ಇಪ್ಪತ್ತಮೂರು ಸಾಲಿಗೆ ಅಡ್ಡಗೆರೆ ಎಳೆದಳು. ಆ ಗೆರೆ ನೋಡಲಾಗಲಿಲ್ಲ. ಮೀಸೆ ಹೊರಗೆ ಹೋಗಿ ಮೂಗು ಒರೆಸಿಕೊಂಡು ಬಂದ.

ನನ್ನ ಕೈಯಿಂದ ಇಡೀ ಜನ್ಮದಲ್ಲಿ ರಿಪೇರಿಯಾದ ಯಂತ್ರಗಳು ಸಾವಿರಾರು ಇರಬಹುದು. ಇದೊಂದು ಆಗಲಿಲ್ಲ.

ಅಕ್ಟೋಬರ್ 9, ಮಂಗಳವಾರ

ಒಂಬತ್ತು ದಿನ ರೈಫಲ್ ಚೀಲದಲ್ಲೇ ಇತ್ತು. ಅವಳೂ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾದಿನಿ ಮಧ್ಯಾಹ್ನ ಬಂದು ಉಣ್ಣಿಸಿ ಹೋಗುತ್ತಾಳೆ, ಮಿಕ್ಕಂತೆ ಹಗಲೆಲ್ಲ ಒಬ್ಬಳೇ.

ನಿನ್ನೆ ಟೇಪು ಹಿಡಿದು ಅಳೆದೆ. ಮಂಚದ ಪಕ್ಕದ ಕಿಟಕಿಯಿಂದ ನಡುಮನೆ ದಾಟಿ ಅಡುಗೆಮನೆಯ ಹಿಂಗೋಡೆಗೆ ಒಂಬತ್ತು ಮೀಟರ್ ಚಿಲ್ಲರೆ. ಗೋಡೆಗೆ ಚಿಂದಿ ತುಂಬಿದ ಪೆಟ್ಟಿಗೆ, ಅದರ ಮುಂದೆ ಕಾರ್ಡು. ಕಿಟಕಿಯ ಬಳಿ ಕುರ್ಚಿ, ಕುರ್ಚಿಯ ಮುಂದೆ ಹತ್ತಿಯ ದಿಂಬು ಕಟ್ಟಿದ ಸ್ಟ್ಯಾಂಡು. ಇವತ್ತು ಬೆಳಿಗ್ಗೆ ನಾನೇ ಎಳೆದು, ತುಂಬಿ, ಸೇಫ್ಟಿ ಹಾಕಿ, ದಿಂಬಿನ ಮೇಲೆ ಇಟ್ಟೆ. ನಾದಿನಿಗೂ ಎಚ್ಚರಿಕೆ ಹೇಳಿದ್ದೇನೆ. ತುಂಬಿಟ್ಟು ಹೋಗುವುದು ಮಹಾ ತಪ್ಪು. ಎಳೆದಿಟ್ಟು ಹೋಗುವುದು ಇನ್ನೊಂದು ತಪ್ಪು. ಮಾಡಿದೆ.

"ಇದೇನ್ರೀ?" ಎಂದಳು.

"ಇನ್ನೂ ಇಪ್ಪತ್ತಮೂರು ಬಾಕಿ ಇದೆ. ದಿನಕ್ಕೊಂದು."

"ನಿಯಮ?"

"ಇದು ಕ್ಲಬ್ಬಲ್ಲ, ನನ್ನ ಮನೆ."

ಸಂಜೆ ಬಂದಾಗ ಕಾರ್ಡಿನಲ್ಲಿ ಒಂದು ತೂತಿತ್ತು. ಎಂಟು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ದಿನಾಂಕ. ಎದ್ದು, ಕುರ್ಚಿಗೆ ಬಂದು, ಹೊಡೆದು, ಅಲ್ಲಿಯವರೆಗೂ ಗೋಡೆ ಹಿಡಿದು ನಡೆದು ಹೋಗಿ ಬರೆದಿದ್ದಾಳೆ.

ಅಕ್ಟೋಬರ್ 26, ಶುಕ್ರವಾರ

ಹದಿಮೂರು ತೂತು. ನಡುವೆ ಐದು ದಿನ ಖಾಲಿ. ದಿನಾಂಕಗಳನ್ನು ಈಗ ನಾದಿನಿ ಬರೆಯುತ್ತಿದ್ದಾಳೆ.

ಕಾರ್ಖಾನೆಯಲ್ಲಿ ನಾಲ್ಕು ಗಂಟೆಯಾದರೆ ಸಾಕು, ಇವತ್ತು ಹೊಡೆದಳೋ ಇಲ್ಲವೋ ಎಂದು ಜೀವ ಹೊಡೆದುಕೊಳ್ಳುತ್ತದೆ. ಚಪ್ಪಲಿ ಬಿಡುವ ಮುಂಚೆ ಅಡುಗೆಮನೆಗೆ ಹೋಗುತ್ತೇನೆ. ಮೊದಲು ಹೆಂಡತಿಯನ್ನು ನೋಡಬೇಕಾದವನು ಮೊದಲು ಕಾರ್ಡು ನೋಡುತ್ತೇನೆ, ಅವಳೂ ಅದನ್ನೇ ಹೇಳಿ ರೇಗಿಸಿದಳು. ಮಾತು ಈಗ ತೊದಲುತ್ತದೆ.

ನವೆಂಬರ್ 13, ಮಂಗಳವಾರ

ತೂತುಗಳು ಕೆಳಗೆ ಕೆಳಗೆ ಬೀಳುತ್ತಿವೆ. ದಿನವಿಡೀ ಎಳೆದಿಟ್ಟರೆ ಸ್ಪ್ರಿಂಗ್ ದಣಿಯದೆ ಇನ್ನೇನು? ಗುರಿ ನೋಡುವ ಹಿಂದಿನ ಕಿಂಡಿಯನ್ನು ಎರಡು ಹಲ್ಲು ಮೇಲೆತ್ತಿದೆ. ಟ್ರಿಗರನ್ನು ಎಷ್ಟು ಮೃದು ಮಾಡಿದ್ದೇನೆಂದರೆ ಉಸಿರು ತಾಗಿದರೆ ಬಿಡುತ್ತದೆ. ಅವಳ ಬೆರಳಿಗೆ ಅದೂ ಭಾರ.

ಕುರ್ಚಿಗೆ ಚಕ್ರ ಹಾಕಿದ್ದೇನೆ. ಬೆಳಿಗ್ಗೆ ಕೂರಿಸಿ, ಕೈಯನ್ನು ಟ್ರಿಗರಿನ ಪಕ್ಕಕ್ಕೆ ಇಟ್ಟು ಹೋಗುತ್ತೇನೆ. ಇಪ್ಪತ್ತೊಂದು ಆಗಿದೆ.

ಡಿಸೆಂಬರ್ 5, ಬುಧವಾರ

ನಿನ್ನೆಗೆ ಇಪ್ಪತ್ತೆರಡು.

ಇವತ್ತು ಸಂಜೆ ಬಂದಾಗ ಕಾರ್ಡಿನಲ್ಲಿ ಹೊಸ ತೂತಿರಲಿಲ್ಲ. ದಿಂಬಿನ ಮೇಲೆ ರೈಫಲ್ ಎಳೆದದ್ದು ಎಳೆದ ಹಾಗೇ ಇತ್ತು. ಮಧ್ಯಾಹ್ನವೇ ನಾದಿನಿ ಅವಳನ್ನು ಮಂಚಕ್ಕೆ ಮಲಗಿಸಿದ್ದಳಂತೆ. ಕಣ್ಣು ತೆರೆದಿದ್ದಳು. ನಾನು ಮಂಚದ ತುದಿಯಲ್ಲಿ ಕೂತೆ. ಒಂದೊಂದು ಮಾತಿಗೂ ಸಮಯ ಬೇಕು ಅವಳಿಗೆ.

"ಬಿಟ್ಬಿಡಿ ಅದನ್ನ. ಪಾಪ, ಬೆಳಿಗ್ಗೆಯಿಂದ ಕಾಯ್ತಾ ಇದೆ."

ಎಳೆದ ಸ್ಪ್ರಿಂಗನ್ನು ಬಿಡಲು ಹೊಡೆಯುವುದೊಂದೇ ದಾರಿ. ಮರಳಿನ ಡಬ್ಬ ತರಲು ಎದ್ದೆ.

"ಡಬ್ಬಕ್ಕಲ್ಲ. ಕಾರ್ಡಿಗೆ."

"ನನಗೆ ಬರಲ್ಲ ಕಣೇ."

"ಕೂತ್ಕೊಳ್ಳಿ."

ಅವಳ ಕುರ್ಚಿಯಲ್ಲಿ ಕೂತೆ. ಗುರಿ ನೋಡಿದರೆ ಕಾರ್ಡು ಎರಡಾಗಿ ಕಾಣುತ್ತಿತ್ತು, ಕಣ್ಣು ಒರೆಸಿಕೊಂಡೆ.

"ಗಟ್ಟಿ ಹಿಡೀಬೇಡಿ. ಗಟ್ಟಿ ಹಿಡಿದ್ರೆ ಗುರಿ ತಪ್ಪತ್ತೆ. ಅದು ಒದ್ಕೊಳ್ಳುತ್ತೆ, ಒದ್ಕೊಳ್ಳಲಿ. ಸುಮ್ನೆ ಕೈ ಕೆಳಗೆ ಕೊಟ್ಟಿರಿ."

ಇಷ್ಟು ವರ್ಷ ಈ ರೈಫಲ್ಲುಗಳ ಕರುಳನ್ನೆಲ್ಲ ನೋಡಿದ್ದೇನೆ. ಹೇಗೆ ಹಿಡಿಯಬೇಕೆಂದು ಇವತ್ತು ಗೊತ್ತಾಯಿತು. ಟಪ್ ಎಂದಿತು.

"ಎಷ್ಟು?"

ಹೋಗಿ ನೋಡಿದೆ. ಒಂಬತ್ತು ಎನ್ನೋಣವೆಂದುಕೊಂಡೆ. ಆಗಲಿಲ್ಲ. "ನಾಲ್ಕು."

"ಪರವಾಗಿಲ್ಲ. ಇಪ್ಪತ್ತಮೂರು ಆಯ್ತಲ್ಲ." ಉಸಿರು ತೆಗೆದುಕೊಂಡಳು. "ನಾಳೆ ಎಳೆದಿಡಬೇಡಿ."

ಹೂಂ ಎಂದೆ.

ಡಿಸೆಂಬರ್ 6, ಗುರುವಾರ

ಬೆಳಿಗ್ಗೆ ಎಳೆದಿಡಲಿಲ್ಲ. ಕೆಲಸಕ್ಕೂ ಹೋಗಲಿಲ್ಲ. ಕಾರ್ಡನ್ನು ಗೋಡೆಯಿಂದ ತೆಗೆದು ತಂದು ಅವಳಿಗೆ ಕಾಣುವಂತೆ ಹಿಡಿದು ಕೂತೆ. ನನ್ನ ತೂತಿನ ಪಕ್ಕ ದಿನಾಂಕವಿಲ್ಲ, ಬರೆಯಿರಿ ಎಂದಳು. ಬರೆದೆ.

ಸೊಟ್ಟಗಿದೆ ಎಂದಳು.